ಆಸಕ್ತಿ ತೋರದ ಇಬ್ಬರು ಕಟ್ಟಿದ ವಿಮಾನ

ಹಗುರ ವಿಮಾನಗಳಿಗೆ ಹಾರಾಟದ ಅಪ್ಪಣೆ ನೀಡುವ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಪತ್ರ ಕಳೆದ ನವೆಂಬರಿನಲ್ಲಿ ನನ್ನ ಕೈಸೇರಿತು. ನಾಲ್ಕು ಸಾಲಿನ ಇಂಗ್ಲಿಷ್ ಪತ್ರ. ಕನ್ನಡದಲ್ಲಿ ಅದರ ಸಾರ ಇಷ್ಟು: ಅರ್ಜಿದಾರರು ಆಸಕ್ತಿ ತೋರದ ಕಾರಣ ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಅರ್ಜಿದಾರರು ಇಬ್ಬರು. ಒಬ್ಬ ನಾನು. ಇನ್ನೊಬ್ಬ, ನಿಮ್ಮ ಪತ್ರ ಅಂಚೆಗೆ ಬೀಳುವ ಹೊತ್ತಿಗೆ ತೀರಿಕೊಂಡು ಮೂರು ತಿಂಗಳಾಗಿತ್ತು. ಸತ್ತ ಮೇಲೆ ಅವನು ಆಸಕ್ತಿ ತೋರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಏನು ತೋರಿದ ಎಂಬುದು ತಮ್ಮ ಕಡತದಲ್ಲಿ ಇರಲಾರದು. ಅದನ್ನು ನಾನು ಹೇಳುತ್ತೇನೆ. ತಮಗೆ ಖಾಸಗಿಯಾಗಿ ಬರೆದ ಮೂವತ್ತೊಂದು ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಹೆಸರು ರಾಜಶೇಖರ್. ಮಂಗಳೂರು ಹೆದ್ದಾರಿಯ ಬಾಳ್ಳುಪೇಟೆಯವನು. ನಮ್ಮ ತಂದೆ ಮೆಣಸು, ಏಲಕ್ಕಿ ವ್ಯಾಪಾರದವರು. ನನಗೆ ತಕ್ಕಡಿಗಿಂತ ಸ್ಪ್ಯಾನರ್ ಇಷ್ಟವಾಗಿ ಹತ್ತೊಂಬತ್ತನೇ ವಯಸ್ಸಿಗೆ ವಾಯುಪಡೆ ಸೇರಿದೆ. ಇಪ್ಪತ್ತು ವರ್ಷ ವಿಮಾನಗಳ ರೆಕ್ಕೆ, ಒಡಲು ರಿಪೇರಿ ಮಾಡಿದೆ. ಒಂದು ದಿನವೂ ಹಾರಿಸಲಿಲ್ಲ; ಅಲ್ಲಿ ಹಾರಿಸುವವರೇ ಬೇರೆ, ರಿಪೇರಿ ಮಾಡುವವರೇ ಬೇರೆ. ಊರಿಗೆ ಮರಳಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿಗೆ ವರ್ಕ್‌ಶಾಪ್ ಹಾಕಿದೆ. ಹೆತ್ತೂರಿನಿಂದ ಆಲೂರಿನವರೆಗಿನ ಎಸ್ಟೇಟುಗಳ ಪಲ್ಪರ್‌ಗಳೆಲ್ಲ ನನ್ನ ಕೈಯಿಂದಲೇ ಹಾದುಹೋಗಿವೆ. ನನ್ನ ವರ್ಕ್‌ಶಾಪಿನ ಎದುರಿಗೆ ಲಾರಿಗಳಿಗೆ ಮರದ ಬಾಡಿ ಕಟ್ಟುವ ಶೆಡ್ಡಿತ್ತು. ಅಲ್ಲಿಯ ಬಡಗಿಯೇ ಗಿಡ್ಡಯ್ಯ, ತಮ್ಮ ಕಡತದ ಎರಡನೆಯ ಅರ್ಜಿದಾರ.

ಹೆಸರು ಗಿಡ್ಡಯ್ಯ, ಆಳು ಹತ್ತಿರ ಹತ್ತಿರ ಆರಡಿ. ಒಣಕಲು ಮೈ, ಐವತ್ತನಾಲ್ಕು ಕಿಲೋ. ನನಗಿಂತ ಮೂರು ವರ್ಷ ದೊಡ್ಡವನು. ಅವನು ಹುಟ್ಟಿದ ಊರು ಬೂದನಕೊಪ್ಪಲು. ಹೇಮಾವತಿಗೆ ಅಣೆಕಟ್ಟು ಮುಗಿದಾಗ ಆ ಊರು ಹಿನ್ನೀರಿನ ಅಡಿಗೆ ಹೋಯಿತು. ಆಗ ಅವನಿಗೆ ಇಪ್ಪತ್ತು ವರ್ಷ. ಸರ್ಕಾರದವರು ಕುಂದೂರಿನ ಕಡೆ ಒಂದು ಕಾಲೋನಿ ಮಾಡಿ ಸೈಟು ಕೊಟ್ಟರು, ಅಲ್ಲೇ ಮನೆ ಕಟ್ಟಿದ, ಮುನಿಯಮ್ಮನವರನ್ನು ಮದುವೆಯಾದ. ಮಳೆ ಕಡಿಮೆಯಾದ ವರ್ಷಗಳಲ್ಲಿ, ಏಪ್ರಿಲ್ ತಿಂಗಳಲ್ಲಿ, ನೀರು ಇಳಿದು ಹಳೆಯ ಊರು ಮೇಲೆ ಬರುತ್ತದೆ. ಅಂಥ ವರ್ಷ ಗಿಡ್ಡಯ್ಯ ಒಂದು ದಿನ ಕೆಲಸಕ್ಕೆ ರಜೆ ಹಾಕಿ ಹೋಗಿ, ಕೆಸರಿನಲ್ಲಿ ಅಡ್ಡಾಡಿ ಬರುತ್ತಿದ್ದ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಅಲ್ಲಿ ನಿಂತು ನೋಡಿದರೆ ಕಲ್ಲುಗುಡ್ಡೆ, ಒಣಗಿದ ಕೆಸರು, ಅಷ್ಟೇ. ಯಾವುದು ಬೀದಿ, ಯಾವುದು ಮನೆ ಎಂದು ಅವನಿಗೇ ತಿಳಿಯಲಿಲ್ಲ. ಅವನ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿ ನಿಂತೆ.

ಮರಳಿ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ: "ಮ್ಯಾಲಿಂದ ನೋಡಿದ್ರೆ ಊರು ಊರಂಗೇ ಕಾಣ್ತದಾ ಶೇಖ್ರಣ್ಣ?"

ಕಾಣುತ್ತದೆ, ಮನೆಗಳ ಪಾಯ ಕಾಗದದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ ಎಂದೆ. ವಾಯುಪಡೆಯಲ್ಲಿ ಅಂಥ ಚಿತ್ರಗಳನ್ನು ನೋಡಿದ್ದೆ.  ಒಂದು ವಾರ ಕಳೆದ ಮೇಲೆ ಅವನು ನನ್ನ ವರ್ಕ್‌ಶಾಪಿಗೆ ಬಂದು ನಿಂತು ಹೇಳಿದ: "ನೀರಿಂದ ಏಳೋ ಇಮಾನ ಅಂತ ಇರ್ತದಂತಲ್ಲ. ಅದ್ರ ಹೊಟ್ಟೆ ದೋಣಿ ತಾನೆ? ದೋಣಿ ನಾನ್ ಮಾಡ್ತೀನಿ. ರೆಕ್ಕೆ ನೀವ್ ಮಾಡಿ."

ಇದು ಎರಡು ಸಾವಿರದ ಹತ್ತರ ಮಾತು. ಮಾನ್ಯರೇ, ಆಸಕ್ತಿ ಎಂಬುದು ಹುಟ್ಟಿದ ದಿನವನ್ನು ತಮ್ಮ ನಮೂನೆಯಲ್ಲಿ ಬರೆಯಲು ಜಾಗವಿದ್ದರೆ ಈ ದಿನವನ್ನೇ ಬರೆಯುತ್ತಿದ್ದೆ.

ಹವ್ಯಾಸಿಗಳು ಮನೆಯಲ್ಲೇ ಕಟ್ಟಬಹುದಾದ ವಿಮಾನಗಳ ನಕ್ಷೆಗಳು ಹೊರದೇಶಗಳಲ್ಲಿ ಸಿಗುತ್ತವೆ. ಅಂಥದೊಂದನ್ನು ತರಿಸಿದೆ. ಇಬ್ಬರು ಅಕ್ಕಪಕ್ಕ ಕೂರುವ, ಮರದ ಒಡಲಿನ, ನೆಲದ ಮೇಲೂ ನೀರಿನ ಮೇಲೂ ಇಳಿಯುವ ಪುಟ್ಟ ವಿಮಾನ. ನಮ್ಮ ಕಡೆ ಸಮತಟ್ಟಾದ ನೆಲವೆಂದರೆ ನೀರೊಂದೇ ಎಂಬುದು ಈ ಗುಡ್ಡಗಳನ್ನು ನೋಡಿದವರಿಗೆ ಗೊತ್ತು. ನೀರಿನಿಂದ ಏಳಬೇಕು, ನೀರಿಗೇ ಇಳಿಯಬೇಕು. ದಡ ಹತ್ತಲು ಮಾತ್ರ ಚಕ್ರ. ವರ್ಕ್‌ಶಾಪಿನ ಹಿಂದೆ ನಮ್ಮ ತಂದೆಯ ಕಾಲದ ಹಳೆಯ ಗೋದಾಮಿತ್ತು. ಅದನ್ನು ಖಾಲಿ ಮಾಡಿ ಕೆಲಸ ಶುರುಮಾಡಿದೆವು. ವಾರದಲ್ಲಿ ಭಾನುವಾರ ಪೂರ್ತಿ, ಉಳಿದ ದಿನ ಸಂಜೆ ಎರಡು ಗಂಟೆ. ಹೀಗೆ ಆರು ವರ್ಷ.

ಗಿಡ್ಡಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಕ್ಷೆ ಓದಲು ಭಾಷೆ ಬೇಕಿಲ್ಲ ಎಂದು ಅವನಿಂದ ಕಲಿತೆ. ಮೊದಲ ತಿಂಗಳಲ್ಲೇ ಒಂದು ಹಾಳೆಯಲ್ಲಿ ಅಳತೆ ತಪ್ಪಿದೆ ಎಂದ. ನಾನು ನಂಬಲಿಲ್ಲ. ನಕ್ಷೆ ಕಳಿಸಿದವರಿಗೆ ಬರೆದು ಕೇಳಿದೆ. ಹತ್ತು ದಿನಗಳಲ್ಲಿ ಉತ್ತರ ಬಂತು: ಹೌದು, ತಪ್ಪಿದೆ, ತಿದ್ದಿದ ಹಾಳೆ ಇದೋ, ನಿಮ್ಮ ಬಡಗಿಗೆ ನಮ್ಮ ವಂದನೆ ತಿಳಿಸಿ. ಏಳು ಸಮುದ್ರದಾಚೆಯವರು ಹತ್ತು ದಿನಗಳಲ್ಲಿ ಉತ್ತರ ಬರೆಯಬಹುದು ಎಂಬುದನ್ನು ತಮ್ಮ ಗಮನಕ್ಕೆ ತರಲೆಂದೇ ಇದನ್ನು ಹೇಳಿದೆ. ಕಾಫಿ ಗಿಡಗಳ ನೆರಳಿಗೆಂದು ಎಸ್ಟೇಟಿನಲ್ಲಿ ಬೆಳೆಸುವ ಸಿಲ್ವರ್ ಓಕ್ ಮರ ರೆಕ್ಕೆಗೆ ಆದೀತೆಂದು ಗಿಡ್ಡಯ್ಯನಿಗೆ ಬಹಳ ಆಸೆಯಿತ್ತು. ನಮ್ಮೂರಿನ ಮರವೇ ಮೇಲೆ ಹೋಗಲಿ ಎಂಬ ಆಸೆ. ತುಂಡು ಕತ್ತರಿಸಿ, ತೂಕ ನೇತುಹಾಕಿ ನೋಡಿದೆವು. ಮುರಿಯಿತು. ಮತ್ತೊಂದು ನೋಡಿದೆವು, ಅದೂ ಮುರಿಯಿತು. "ನೆರಳು ಕೊಡಾದಷ್ಟೇ ಇದ್ರ ಹಣೇಲಿ ಬರ್ದಿರದು," ಎಂದು ಬಿಟ್ಟುಕೊಟ್ಟ. ಕೊನೆಗೆ ವಿಮಾನಕ್ಕೆಂದೇ ಪರೀಕ್ಷೆ ಮಾಡಿದ ಮರವನ್ನು ಹೊರಗಿನಿಂದ ತರಿಸಿದೆವು. ರೆಕ್ಕೆ ಮುಗಿದ ದಿನ ಅದನ್ನು ಮಗುಚಿ ಇಟ್ಟು, ಅದರ ಮೇಲೆ ಕಾಫಿ ಮೂಟೆಗಳನ್ನು ಒಂದೊಂದಾಗಿ ಪೇರಿಸಿದೆವು. ಹಾರುವಾಗ ಬೀಳಬಹುದಾದ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೊನೆಯ ಮೂಟೆ ಇಡುವಾಗ ಗಿಡ್ಡಯ್ಯ ಕಿವಿಯನ್ನು ಮರಕ್ಕೆ ಆನಿಸಿ ಕೂತಿದ್ದ. ಬಿರುಕಿನ ಸದ್ದು ಬರಲಿಲ್ಲ. ರೆಕ್ಕೆಗೆ ಹೊದಿಸುವ ಬಟ್ಟೆಯನ್ನು ಹೊಲಿದವಳು ನನ್ನ ಹೆಂಡತಿ ಶಿವಲೀಲಾ. ಅಷ್ಟು ಉದ್ದದ ದಿಂಬಿನ ಚೀಲ ತಾನು ಜನ್ಮದಲ್ಲಿ ಹೊಲಿದಿರಲಿಲ್ಲ ಎಂದಳು.

ಮೂರನೆಯ ವರ್ಷದ ಹೊತ್ತಿಗೆ ಗಿಡ್ಡಯ್ಯ ನನಗೆ "ನೀವು" ಎನ್ನುವುದನ್ನು ಬಿಟ್ಟುಬಿಟ್ಟ. ಯಾವಾಗ ಬಿಟ್ಟ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ನಮ್ಮ ಊರಿನಲ್ಲಿ, ನಮ್ಮ ವಯಸ್ಸಿನಲ್ಲಿ, ವ್ಯಾಪಾರದ ಮನೆಯವನಿಗೆ ಕಾಲೋನಿಯ ಬಡಗಿ "ಮಾರಾಯ" ಎನ್ನುವುದು ಸಣ್ಣ ಸಂಗತಿಯಲ್ಲ. ನನಗೆ ಆ ವಿಮಾನದಿಂದ ಸಿಕ್ಕಿದ್ದು ಅದೊಂದೇ, ಸಾಕಷ್ಟೇ ಸಿಕ್ಕಿತು.

ಈ ನಡುವೆ ನಾನು ಹೊರಜಿಲ್ಲೆಯ ಒಂದು ತರಬೇತಿ ಶಾಲೆಗೆ ಹೋಗಿ, ಐವತ್ತು ದಾಟಿದ ಮೇಲೆ, ಹಗುರ ವಿಮಾನ ಹಾರಿಸಲು ಕಲಿತು ಪರವಾನಗಿ ಪಡೆದೆ. ಎರಡು ಸಾವಿರದ ಹದಿನೇಳರ ಫೆಬ್ರವರಿಯಲ್ಲಿ, ಮುಗಿದ ವಿಮಾನದ ಎದುರು ಇಬ್ಬರೂ ನಿಂತು ಫೋಟೊ ತೆಗೆಸಿಕೊಂಡು, ತಮ್ಮ ಕಚೇರಿಗೆ ಅರ್ಜಿ ಹಾಕಿದೆವು. ಕಟ್ಟಿದವರು ಎಂಬ ಕಾಲಂನಲ್ಲಿ ಗಿಡ್ಡಯ್ಯನ ಹೆಸರನ್ನು ಮೊದಲು ಬರೆದೆ. ಅವನು ತನ್ನ ಸಹಿಯನ್ನು ನಾಲ್ಕು ದಿನ ಅಭ್ಯಾಸ ಮಾಡಿ ಬಂದಿದ್ದ.

ಆಮೇಲಿನದನ್ನು ತಾವೇ ಬಲ್ಲಿರಿ. ಅಥವಾ ಬಲ್ಲಿರಾ? ಒಂದು ವರ್ಷದ ಮೇಲೆ ತಮ್ಮವರೊಬ್ಬರು ಫೋನಿನಲ್ಲಿ, ಇದು ನೀರಿನ ಮೇಲೆ ಓಡುವುದರಿಂದ ಮೊದಲು ದೋಣಿಯ ಪರವಾನಗಿ ತನ್ನಿ ಎಂದರು. ದೋಣಿಯ ಕಚೇರಿಗೆ ಹೋದರೆ, ರೆಕ್ಕೆ ಇರುವ ದೋಣಿಗೆ ನಮ್ಮಲ್ಲಿ ಕಾಲಂ ಇಲ್ಲ, ಇದು ವಿಮಾನ, ವಿಮಾನದವರ ಹತ್ತಿರ ಹೋಗಿ ಎಂದರು. ಎರಡೂ ಕಚೇರಿಗಳ ಮಾತನ್ನು ಸೇರಿಸಿ ನೋಡಿದರೆ ನಮ್ಮ ಗೋದಾಮಿನಲ್ಲಿ ಏನೂ ಇರಲಿಲ್ಲವೆಂದೇ ಅರ್ಥ. ಮರುವರ್ಷ ತಮ್ಮ ಪರಿವೀಕ್ಷಕರು ಬಂದರು. ಗಿಡ್ಡಯ್ಯ ಅವತ್ತು ಹೊಸ ಶರ್ಟು ಹಾಕಿದ್ದ. ಒಡಲಿನ ಒಳಗನ್ನು ತೋರಿಸಲೆಂದು ನೆಲದ ಹಲಗೆಗಳನ್ನೆಲ್ಲ ಮೊದಲೇ ಬಿಚ್ಚಿಟ್ಟಿದ್ದ. ಪ್ರತಿ ಕೀಲನ್ನೂ ತೋರಿಸಿ ವಿವರಿಸಬೇಕೆಂದು ತಯಾರಾಗಿದ್ದ. ಪರಿವೀಕ್ಷಕರು ಹನ್ನೊಂದು ನಿಮಿಷ ಇದ್ದರು. ಬಗ್ಗಿ ಒಳಗೆ ನೋಡಲಿಲ್ಲ. ಹೊರಡುವಾಗ, ಕಣಿವೆ ಕಾಣುವಂಥ ಒಳ್ಳೆಯ ಹೋಮ್‌ಸ್ಟೇ ಸಕಲೇಶಪುರದ ಕಡೆ ಯಾವುದಿದೆ ಎಂದು ಕೇಳಿದರು. ಗಿಡ್ಡಯ್ಯನೇ ದಾರಿ ಹೇಳಿದ. ಅವರ ವರದಿ ಏನಾಯಿತೆಂದು ಇವತ್ತಿಗೂ ತಿಳಿಯದು.

ಬಳಿಕ ಕೊರೋನಾ. ಎಲ್ಲರಿಗೂ ಬಂದ ಕಷ್ಟ, ಅದಕ್ಕೆ ತಮ್ಮನ್ನು ದೂರುವುದಿಲ್ಲ. ಅದು ಮುಗಿದ ಮೇಲೆ ಎಲ್ಲವೂ ಆನ್‌ಲೈನ್ ಆಯಿತು, ಹಳೆಯ ಅರ್ಜಿಗಳನ್ನು ಹೊಸದಾಗಿ ಹಾಕಬೇಕೆಂದು ಆದೇಶ. ಹಾಕಿದೆ. ಪ್ರತಿ ಫೋಟೊವೂ ಇನ್ನೂರು ಕೆಬಿ ಒಳಗಿರಬೇಕೆಂದರು. ಆರು ವರ್ಷದ ಕೆಲಸವನ್ನು ಇನ್ನೂರು ಕೆಬಿಗೆ ಕುಗ್ಗಿಸಿದೆ. ಹಿಂದಿನ ಕಡತದ ಸಂಖ್ಯೆ ಕೇಳಿದರು. ಆ ಸಂಖ್ಯೆ ವ್ಯವಸ್ಥೆಯಲ್ಲಿ ಇಲ್ಲ ಎಂದು ಅದೇ ವ್ಯವಸ್ಥೆ ಹೇಳಿತು. ತಮ್ಮ ಕಚೇರಿಗೇ ಎರಡು ಸಲ ಹೋದೆವು. ಎರಡನೆಯ ಸಲ ಒಬ್ಬ ಕಿರಿಯ ಅಧಿಕಾರಿ, ಒಳ್ಳೆಯ ಮನಸ್ಸಿನವರೇ, ಗಿಡ್ಡಯ್ಯನ ಊರಿನ ಕತೆಯನ್ನೆಲ್ಲ ಕೇಳಿ, ಅಷ್ಟಕ್ಕೆ ವಿಮಾನ ಯಾಕೆ, ಒಂದು ಡ್ರೋನ್ ಹಾರಿಸಿ ಫೋನಿನಲ್ಲಿ ನೋಡಬಹುದಲ್ಲ ಎಂದರು. ಗಿಡ್ಡಯ್ಯ ಸಮಾಧಾನವಾಗಿಯೇ ಉತ್ತರ ಕೊಟ್ಟ: "ನಮ್ಮೂರ್ಗೆ ನಾನ್ ಹೋಗ್ಬೇಕು ಸಾಮಿ. ಫೋನ್ ಹೋದ್ರೆ ನಾನ್ ಹೋದಂಗಾಯ್ತದಾ?"

ಕಾಯುವ ಈ ಕಾಲದಲ್ಲಿ ನಾವು ಸುಮ್ಮನೆ ಕೂತಿರಲಿಲ್ಲ. ಜಲಾಶಯವನ್ನು ನೋಡಿಕೊಳ್ಳುವ ಎಂಜಿನಿಯರೊಬ್ಬರು, ದೋಣಿಯಂತೆ ಓಡಿಸಿಕೊಳ್ಳಿ, ನೀರು ಬಿಟ್ಟು ಏಳಬೇಡಿ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಮೂರು ನಾಲ್ಕು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ರೆಕ್ಕೆ ಬಿಚ್ಚಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿಕೊಂಡು ಹಿನ್ನೀರಿಗೆ ಒಯ್ಯುತ್ತಿದ್ದೆವು. ಎಡಗಡೆ ನಾನು, ಬಲಗಡೆ ಗಿಡ್ಡಯ್ಯ. ಎಂಜಿನ್ ಜೋರಾದಂತೆ ಮೊದಲು ದೋಣಿ ನೀರನ್ನು ಸೀಳಿಕೊಂಡು ಒದ್ದಾಡುತ್ತದೆ, ಗಾಜಿನ ಮೇಲೆಲ್ಲ ನೀರು. ಆಮೇಲೆ ಒಡಲು ನೀರಿನ ಹಿಡಿತದಿಂದ ಬಿಡಿಸಿಕೊಂಡು ಮೇಲೆ ಜಾರತೊಡಗುತ್ತದೆ, ಅಡಿಯಲ್ಲಿ ತಟತಟ ಎನ್ನುವ ಸದ್ದು ಒಂದೊಂದೇ ಕಡಿಮೆಯಾಗಿ ನಿಲ್ಲುತ್ತದೆ. ಆ ಗಳಿಗೆಯಲ್ಲಿ ವಿಮಾನ ನಡೆಸುವ ಕೋಲನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಎಳೆದರೆ ಸಾಕು. ವಿಮಾನ ತಾನಾಗಿಯೇ ಏಳಲು ಕಾದಿರುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ನಾನು ಪ್ರತಿ ಸಲವೂ ಆ ಗಳಿಗೆಯಲ್ಲಿ ಎಂಜಿನ್ ವೇಗ ಇಳಿಸಿದೆ. ಪ್ರತಿ ಸಲವೂ ಗಿಡ್ಡಯ್ಯ ಮುಂದೆ ನೋಡುತ್ತಿದ್ದ.

ಯಾಕೆ ಇಳಿಸಿದೆ? ಜನ ಈಗ ನನ್ನನ್ನು ಕೇಳುತ್ತಾರೆ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ನಾನು ಕಲಿತದ್ದು ಒಂದೇ ಪಾಠ: ಸಹಿ ಇಲ್ಲದೆ ವಿಮಾನ ನೆಲ ಬಿಡುವುದಿಲ್ಲ. ನಾನೇ ಸಾವಿರಾರು ಸಹಿ ಹಾಕಿದ್ದೇನೆ. ಒಂದೊಂದು ಸಹಿಯ ಹಿಂದೆಯೂ ನಾನು ಬಗ್ಗಿ, ಒಳಗೆ ಕೈ ಹಾಕಿ, ಮುಟ್ಟಿ ನೋಡಿದ್ದೆ. ತಮ್ಮ ಸಹಿಯ ಹಿಂದೆಯೂ ಹಾಗೆ ಮುಟ್ಟಿ ನೋಡಿದ ಒಬ್ಬ ಮನುಷ್ಯ ಇರುತ್ತಾನೆ ಎಂದು ನಂಬಿದ್ದೆ. ಕಾನೂನಿಗೆ ಹೆದರಿ ಕಾದವನಲ್ಲ ನಾನು, ಕಾನೂನನ್ನು ನಂಬಿ ಕಾದವನು. ಹೆದರಿ ಕಾದಿದ್ದರೆ ಇವತ್ತು ಇಷ್ಟು ನೋಯುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಜನವರಿಯಲ್ಲಿ ಗಿಡ್ಡಯ್ಯನ ಕೆಮ್ಮು ಹೆಚ್ಚಾಯಿತು. ಹಾಸನಕ್ಕೆ ಕರೆದುಕೊಂಡು ಹೋದೆ. ಶ್ವಾಸಕೋಶದಲ್ಲಿ ಗಂಟು, ಬಲಿತಿದೆ ಎಂದರು. ಆ ಬೇಸಿಗೆ ಮಳೆಯೇ ಇಲ್ಲದ ಬೇಸಿಗೆ. ಏಪ್ರಿಲ್ ಎರಡನೆಯ ವಾರದಲ್ಲಿ ಹಿನ್ನೀರು ಎಷ್ಟೋ ವರ್ಷಗಳಲ್ಲಿ ಇಳಿಯದಷ್ಟು ಇಳಿಯಿತು. ಗಿಡ್ಡಯ್ಯ ಬಸ್ಸು ಹತ್ತಿ ಒಬ್ಬನೇ ಬಾಳ್ಳುಪೇಟೆಗೆ ಬಂದ. ಗೋದಾಮಿನ ಬಾಗಿಲು ತೆಗೆಸಿ, ವಿಮಾನದ ಒಡಲಿನ ಮೇಲೆ ಕೈಯಾಡಿಸುತ್ತ ನಿಂತ.

"ಈ ಸಲ ನೀರು ಪೂರ್ತಿ ಇಳ್ದೈತೆ ಮಾರಾಯ," ಎಂದ. "ಒಂದ್ ಸುತ್ತು ಹೋಗ್ಬಂದ್ಬುಡಾನ. ಯಾರೂ ನೋಡಲ್ಲ."

"ಪೇಪರ್ ಬರ್ಲಿ ಗಿಡ್ಡಯ್ಯ. ಈ ತಿಂಗ್ಳು ಕಳಿಸ್ತೀವಿ ಅಂದವ್ರೆ."

ಅವನು ಒಡಲಿನ ಮೇಲಿಂದ ಕೈ ತೆಗೆದ. ಆಮೇಲೆ, "ಆಯ್ತು ಬುಡು," ಎಂದ. ಒಡಲಿನ ಬಣ್ಣ ಒಂದು ಕಡೆ ಚಕ್ಕೆ ಏಳುತ್ತಿದೆ, ಮಳೆಗಾಲಕ್ಕೆ ಮೊದಲು ಮತ್ತೊಮ್ಮೆ ಬಳಿಯಬೇಕು ಎಂದು ಹೇಳಿ ಬಸ್ಸಿಗೆ ಹೊರಟ. ನಾನು ಸುಳ್ಳು ಹೇಳಿರಲಿಲ್ಲ. ಮುಂದಿನ ತಿಂಗಳು ಕಳಿಸುತ್ತೇವೆ ಎಂದು ತಮ್ಮ ಕಚೇರಿಯಿಂದ ಮಾರ್ಚ್ ಇಪ್ಪತ್ತೆಂಟರಂದು ಫೋನಿನಲ್ಲಿ ಹೇಳಿದ್ದರು. ಹೇಳಿದವರ ಹೆಸರು ಕೇಳಲಿಲ್ಲ. ಅವರಿಗೂ ಅದು ನೆನಪಿರಲಾರದು.

ಸುಳ್ಳು ಹೇಳಿದ್ದು ಆಗಸ್ಟಿನಲ್ಲಿ. ಹಾಸನದ ಆಸ್ಪತ್ರೆಯಲ್ಲಿ ಗಿಡ್ಡಯ್ಯ ಎಂಟು ದಿನದಿಂದ ಮಲಗಿದ್ದ. ಮುನಿಯಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅವನು ನನ್ನನ್ನು ನೋಡಿ ಉಸಿರೆಳೆದುಕೊಂಡು ಕೇಳಿದ್ದು ಎರಡೇ ಪದ: "ಪೇಪರ್ ಬಂತಾ?"

ಬಂತು ಎಂದೆ.

ಯಾವಾಗ ಎಂಬಂತೆ ನೋಡಿದ.  ಇವತ್ತೇ ಬಂತು ಎಂದರೆ ನಂಬುವುದಿಲ್ಲವೆನ್ನಿಸಿ, "ಹೋದ್ ತಿಂಗ್ಳೇ ಬಂತು, ನೀನು ಹುಷಾರಾಗ್ಲಿ ಅಂತ ಸುಮ್ನಿದ್ದೆ," ಎಂದುಬಿಟ್ಟೆ. ಗಿಡ್ಡಯ್ಯ ಕಣ್ಣು ಮುಚ್ಚಿದ. ಮುಖದಲ್ಲಿ ನೆಮ್ಮದಿ ಕಂಡಿತೆಂದು ನಾನು ಹೇಳಿಕೊಳ್ಳಬಹುದು. ನಿಜವಾಗಿ ಏನು ಕಂಡಿತೋ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಂಗಾರೆ ಬ್ಯಾಸ್ಗೆಗೆ ಹೋಗಾನ," ಎಂದ. ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಹೋಗಿಬಿಟ್ಟ.

ನವೆಂಬರಿನಲ್ಲಿ ತಮ್ಮ ಪತ್ರ ಬಂತು. ಆಸಕ್ತಿ ತೋರಲಿಲ್ಲವಂತೆ. ಅಕ್ಟೋಬರಿನಲ್ಲಿ ತಾವು ಇಬ್ಬರೂ ಅರ್ಜಿದಾರರ ಸಹಿಯುಳ್ಳ ಹೊಸ ಘೋಷಣೆಯನ್ನು ಹದಿನೈದು ದಿನಗಳೊಳಗೆ ಕೇಳಿದ್ದಿರಂತೆ, ನಾವು ಕಳಿಸಲಿಲ್ಲವಂತೆ. ಕಳಿಸಲಿಲ್ಲ ನಿಜ. ಅದರ ಬದಲು, ಒಬ್ಬ ಅರ್ಜಿದಾರ ತೀರಿಕೊಂಡಿದ್ದಾನೆ, ಮುಂದೇನು ಮಾಡಬೇಕು ಎಂದು ಕೇಳಿ ಮರಣ ಪ್ರಮಾಣಪತ್ರದ ನಕಲನ್ನು ಕಳಿಸಿದ್ದೆ. ಅದಕ್ಕೆ ಉತ್ತರ ಬರಲಿಲ್ಲ. ಎಂಟು ವರ್ಷ ಹತ್ತಿರವಾಗುವವರೆಗೆ ಮಲಗಿದ್ದ ಕಡತಕ್ಕೆ ಹದಿನೈದು ದಿನದ ಗಡುವು ಎಲ್ಲಿಂದ ನೆನಪಾಯಿತು ಸ್ವಾಮಿ?

ಇನ್ನು ಮುಂದಿನದು ತಪ್ಪೊಪ್ಪಿಗೆ. ದಯವಿಟ್ಟು ತಮ್ಮ ಕಾನೂನು ವಿಭಾಗದವರಿಗೂ ತೋರಿಸಿ.

ಈ ವರ್ಷದ ಏಪ್ರಿಲ್ ಆರನೆಯ ತಾರೀಖು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ತಮ್ಮ ಅಪ್ಪಣೆಯಿಲ್ಲದೆ ನಾನು ಆ ವಿಮಾನವನ್ನು ಹಾರಿಸಿದೆ. ಇಪ್ಪತ್ತಮೂರು ನಿಮಿಷ ಮೇಲಿದ್ದೆ. ಜನವಸತಿಯ ಮೇಲೆ ಹೋಗಲಿಲ್ಲ. ನನ್ನ ಜೊತೆ ಯಾರೂ ಇರಲಿಲ್ಲ. ವಿಮಾನದ ತೂಕವನ್ನು ಇಬ್ಬರಿಗೆಂದು ಹೊಂದಿಸಿದ್ದೆವು, ಬಲಗಡೆಗೆ ಗಿಡ್ಡಯ್ಯನ ತೂಕವನ್ನೇ ಲೆಕ್ಕ ಹಿಡಿದಿದ್ದೆವು. ಆದ್ದರಿಂದ ಐವತ್ತನಾಲ್ಕು ಕಿಲೋ ಮರಳನ್ನು ಗೋಣಿಚೀಲಕ್ಕೆ ತುಂಬಿ, ಅವನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದೆ.  ಶಿವಲೀಲಾ ದಡದಲ್ಲಿ ನಿಂತಿದ್ದಳು. 

ನೀರಿನ ಸದ್ದು ನಿಂತ ಗಳಿಗೆಯಲ್ಲಿ ಈ ಸಲ ಎಂಜಿನ್ ವೇಗ ಇಳಿಸಲಿಲ್ಲ. ಬೆರಳಿನಷ್ಟು ಎಳೆದೆ, ಎದ್ದೆ. ವಿಮಾನ ಯಾವ ಕಡೆಗೂ ವಾಲಲಿಲ್ಲ, ಒಂದು ಕೀಲೂ ಕಿರುಗುಟ್ಟಲಿಲ್ಲ. ತಮ್ಮ ಪರಿವೀಕ್ಷಕರು ಬಗ್ಗಿ ನೋಡದ ಆ ಒಡಲನ್ನು ಗಿಡ್ಡಯ್ಯ ಹಾಗೆ ಕಟ್ಟಿದ್ದ. ಎಡಕ್ಕೆ ತಿರುಗಿ, ನೀರಿನಂಚನ್ನು ಹಿಡಿದು ಹೋದೆ. ಒಂಬೈನೂರು ಅಡಿಯಿಂದ ಬೂದನಕೊಪ್ಪಲು ಕಾಣಿಸಿತು. ನೀರು ಕಳೆದ ವರ್ಷದಷ್ಟು ಇಳಿದಿರಲಿಲ್ಲ, ಊರಿನ ಕೆಳಭಾಗ ಇನ್ನೂ ಮುಳುಗಿಯೇ ಇತ್ತು. ಆದರೆ ನೀರು ತಿಳಿಯಾಗಿತ್ತು, ಮುಳುಗಿದ್ದೂ ಕಾಣುತ್ತಿತ್ತು. ಒಂದು ನೇರವಾದ ಬೀದಿ, ಎರಡೂ ಬದಿಯಲ್ಲಿ ಮನೆಗಳ ಪಾಯ. ಬೀದಿ ಮುಗಿಯುವಲ್ಲಿ ದುಂಡನೆಯ ಬಾವಿ. ಅದರಾಚೆ ಒಕ್ಕಣೆಯ ಕಣ, ತಟ್ಟೆಯ ಹಾಗೆ. ಗಿಡ್ಡಯ್ಯ ಎಷ್ಟೋ ಸಲ ಹೇಳಿದ್ದ, ಬಾವಿಯಿಂದ ಎಡಗಡೆ ಮೂರನೆಯದು ನಮ್ಮನೆ ಎಂದು. ಎಣಿಸಿದೆ. ಒಂದು ಸಣ್ಣ ಆಯತ, ನಡುವೆ ಒಂದು ಗೋಡೆಯ ಗೆರೆ; ಎರಡು ಕೋಣೆಯ ಮನೆ. ಅರ್ಧ ನೀರಿನಲ್ಲಿತ್ತು, ಅರ್ಧ ಮೇಲಿತ್ತು. ಮೇಲಿದ್ದ ಅರ್ಧದಲ್ಲಿ ಎರಡು ಬೆಳ್ಳಕ್ಕಿ ನಿಂತಿದ್ದವು. ನಾನು ಬಲಗಡೆಗೆ ತಿರುಗಿ, "ನೋಡು," ಎಂದೆ. ಹೇಳಿದ ಮೇಲೆ ಗೊತ್ತಾಯಿತು ಯಾರಿಗೆ ಹೇಳಿದೆನೆಂದು. ಅದರ ಮೇಲೆ ಮೂರು ಸುತ್ತು ಹಾಕಿದೆ. ಹಾರುವುದು ಸಂತೋಷ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಹದಿನೈದು ವರ್ಷ ಕಾದ ಸಂತೋಷ ಎಲ್ಲಿದೆ ಎಂದು ನಾನು ಆ ಮೂರು ಸುತ್ತಿನಲ್ಲೂ ಹುಡುಕಿದೆ.

ಅವತ್ತೇ ಮಧ್ಯಾಹ್ನ ಕೂತು, ಕಂಡದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದೆ. ಬೀದಿ, ಬಾವಿ, ಕಣ, ಮೂರನೆಯ ಮನೆ. ಮರುದಿನ ಅದನ್ನು ಹಿಡಿದು ಕಾಲೋನಿಗೆ ಹೋದೆ. ಏನೋ ಒಂದು ಕೊಟ್ಟುಬರುತ್ತೇನೆ ಎಂಬ ಭಾವನೆ ನನಗಿತ್ತು. ಮುನಿಯಮ್ಮ ಜಗಲಿಯಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದರು. ನಾನು ಹಾರಿದ್ದನ್ನು ಹೇಳಿದೆ, ಹಾಳೆ ತೋರಿಸಿದೆ. ಅವರು ಕೈ ಒರೆಸಿಕೊಂಡು ತೆಗೆದುಕೊಂಡರು, ಬಹಳ ಹೊತ್ತು ನೋಡಿದರು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟರು.

"ನಿಮ್ಗೆ ಕಂಡ್ರೆ ಏನ್ ಬಂತಣ್ಣ," ಎಂದರು. "ಪೇಪರ್ ಬಂದ್ ತಿಂಗ್ಳು ಅವ್ರು ಇನ್ನೂ ಎದ್ ಓಡಾಡ್ತಿದ್ರು. ಅವತ್ತೇ ಒಂದ್ ಸಲ ಕೂರಿಸ್ಕೊಂಡ್ ಹೋಗಿದ್ರೆ ಆಗ್ತಿರ್ಲಿಲ್ವಾ? ಊರು ಕಾಣ್ದಿದ್ರೂ ನೀರಾದ್ರೂ ನೋಡ್ತಿದ್ರು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಜಗಲಿಯ ಅಂಚಿನಲ್ಲಿ ಕೂತೆ. ಆಸ್ಪತ್ರೆಯಲ್ಲಿ ನಾನು ಗಿಡ್ಡಯ್ಯನಿಗೆ ಹೇಳಿದ್ದನ್ನು ಆಕೆ ಕೇಳಿಸಿಕೊಂಡಿದ್ದರು. ಎಂಟು ತಿಂಗಳಿನಿಂದ ಅದನ್ನು ಎದೆಯಲ್ಲಿಟ್ಟುಕೊಂಡಿದ್ದರು. ಜುಲೈನಲ್ಲೇ ಅಪ್ಪಣೆ ಬಂದಿತ್ತು, ಕೈಯಲ್ಲಿಟ್ಟುಕೊಂಡು ಶೇಖರಣ್ಣ ಸುಮ್ಮನಿದ್ದ, ನನ್ನ ಗಂಡನನ್ನು ಕರೆದೊಯ್ಯಲಿಲ್ಲ, ಅವನು ಸತ್ತ ಮೇಲೆ ಒಬ್ಬನೇ ಹೋಗಿ ನೋಡಿಬಂದ: ಇದು ಆಕೆಯ ತಿಳಿವಳಿಕೆ. ತಪ್ಪೆಂದು ಹೇಗೆ ಹೇಳಲಿ, ಮಾತು ನನ್ನದೇ ತಾನೆ?

ಪೇಪರ್ ಬಂದಿರಲಿಲ್ಲ, ಅವನ ಸಮಾಧಾನಕ್ಕೆ ಸುಳ್ಳು ಹೇಳಿದ್ದೆ ಎಂದೆ. ಅವರು ನಂಬಲಿಲ್ಲ. "ಅವತ್ತು ಬಂತು ಅಂದ್ರಿ, ಇವತ್ತು ಬಂದಿರ್ಲಿಲ್ಲ ಅಂತೀರಿ. ಪೇಪರ್ ಇಲ್ದೆ ಏಳಲ್ಲ ಅಂತ ಅಷ್ಟ್ ವರ್ಸ ಹೇಳ್ದೋರು, ಈಗೆಂಗೆ ಎದ್ರಿ?" ಎಂದು ಕೇಳಿದರು. ಮಾನ್ಯರೇ, ತಮ್ಮ ಕಾನೂನು ವಿಭಾಗದವರು ಕೂಡ ಇಷ್ಟು ಸರಿಯಾದ ಪ್ರಶ್ನೆ ಕೇಳಲಾರರು. ಮರುವಾರ ನಾನು ತಮ್ಮ ಮುಕ್ತಾಯದ ಪತ್ರವನ್ನೇ ಒಯ್ದು ತೋರಿಸಿದೆ. ಮುನಿಯಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಹಾಳೆಯನ್ನು ತಿರುಗಿಸಿ, ಕೆಳಗೆ ಬೆರಳಿಟ್ಟರು. "ಸೀಲ್ ಐತಲ್ಲ," ಎಂದರು. "ಇದೇ ಅಲ್ವಾ ಪೇಪರ್ರು." ಇಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಈಗ ನನ್ನ ಬೇಡಿಕೆ. ಹಾರಲು ಅಪ್ಪಣೆ ಕೇಳುತ್ತಿಲ್ಲ. ರೆಕ್ಕೆ ಬಿಚ್ಚಿಟ್ಟಿದ್ದೇನೆ, ಎಂಜಿನ್ ಇಳಿಸಿದ್ದೇನೆ, ಅರವತ್ತಮೂರು ವರ್ಷವಾಯಿತು, ಇನ್ನು ಹಾರುವವನಲ್ಲ. ನನ್ನ ಪರವಾನಗಿಯ ಮೂಲಪ್ರತಿಯನ್ನು ಇದರ ಜೊತೆ ತಮಗೆ ಅಂಚೆಯಲ್ಲಿ ಕಳಿಸಿದ್ದೇನೆ, ರದ್ದು ಮಾಡಿ. ಇಪ್ಪತ್ತಮೂರು ನಿಮಿಷಕ್ಕೆ ಕಾನೂನಿನಲ್ಲಿ ಏನು ಶಿಕ್ಷೆಯಿದೆಯೋ ಅದನ್ನು ಕೊಡಿ, ಕರೆದ ದಿನ ಬಂದು ನಿಲ್ಲುತ್ತೇನೆ. ನನಗೆ ಬೇಕಾಗಿರುವುದು ತಮ್ಮ ಕಚೇರಿಯಿಂದ ಒಬ್ಬ ಮನುಷ್ಯ. ಹಿರಿಯರೇ ಆಗಬೇಕಿಲ್ಲ, ಡ್ರೋನಿನ ಮಾತು ಹೇಳಿದ ಆ ಕಿರಿಯ ಅಧಿಕಾರಿಯಾದರೂ ಸರಿ. ಅವರು ಈ ತಿಂಗಳೊಳಗೆ ಕುಂದೂರಿನ ಕಡೆಯ ಆ ಕಾಲೋನಿಗೆ ಬರಲಿ. ಆಲೂರಿನಿಂದ ಬಸ್ಸಿದೆ. ಮುನಿಯಮ್ಮನ ಮನೆಯ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಒಂದೇ ಮಾತು ಹೇಳಲಿ: ನಿಮ್ಮ ಯಜಮಾನರು ಬದುಕಿರುವವರೆಗೆ ನಾವು ಆ ಪೇಪರ್ ಕೊಟ್ಟಿರಲಿಲ್ಲ. ಯಾಕೆ ಕೊಡಲಿಲ್ಲ ಎಂದು ವಿವರಿಸುವ ಅಗತ್ಯವಿಲ್ಲ, ವಿವರಿಸಲು ಅವರಿಗೂ ಆಗಲಾರದು. ಕೊಟ್ಟಿರಲಿಲ್ಲ ಎಂಬ ಒಂದು ಮಾತು ಸಾಕು. ನಾನು ಹೇಳಿದರೆ ಆಕೆ ನಂಬುವುದಿಲ್ಲ. ಸರ್ಕಾರದವರು ಹೇಳಿದರೆ ನಂಬುತ್ತಾರೆ.

ಬಂದವರಿಗೆ ಮುನಿಯಮ್ಮ ಕಾಫಿ ಕೊಡದೆ ಕಳಿಸುವುದಿಲ್ಲ, ಕುಡಿದು ಹೋಗಲಿ. ಆ ಮನೆಯಲ್ಲಿ ನನಗೆ ಈಗ ಯಾರೂ ಕಾಫಿ ಕುಡಿಯಿರಿ ಎನ್ನುವುದಿಲ್ಲ.

ಇಂತಿ,
ಏಳು ವರ್ಷ ತಮ್ಮ ಸಹಿಯನ್ನು ನಂಬಿ, ಸ್ನೇಹಿತನ ಮಾತನ್ನು ಕೇಳದೆ ಹೋದ
ರಾಜಶೇಖರ್
ಪಲ್ಪರ್ ರಿಪೇರಿಯವನು, ಬಾಳ್ಳುಪೇಟೆ